ಟಿಪ್ಪೆಟ್ ರಿಂಗ್ ಕಟ್ಟೋದು ಲೀಡರ್‌ನ ಯಾವ ದಪ್ಪದಲ್ಲಿ?

ಹೊಸಗಾಳ

ಎಲ್ಲರಿಗೂ ನಮಸ್ಕಾರ. ಫ್ಲೈ ಫಿಶಿಂಗ್‌ಗೆ, ಅಂದ್ರೆ ನಕಲಿ ಹುಳ (ಫ್ಲೈ) ಎಸೆದು ಮೀನು ಹಿಡಿಯೋದಕ್ಕೆ, ನಾನು ಹೊಸಬ. ಲೈನಿನ ತುದಿಗೆ 9 ಅಡಿಯ 5ಎಕ್ಸ್ (ಎಕ್ಸ್ ಅಂದ್ರೆ ದಾರದ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಸಪೂರ) ಟೇಪರ್ಡ್ ಲೀಡರ್, ಅಂದ್ರೆ ತುದಿಗೆ ಹೋದಂತೆ ಸಪೂರವಾಗೋ ದಾರ, ಹಾಕ್ಕೊಂಡು ಟ್ರೌಟ್ ಹಿಂದೆ ಬಿದ್ದಿದ್ದೀನಿ. ಸಮಸ್ಯೆ ಏನಂದ್ರೆ, ಪ್ರತಿ ಸಲ ಫ್ಲೈ ಬದಲಿಸಿದಾಗಲೂ ತುದಿಯಿಂದ ಮೂರ್ನಾಲ್ಕು ಇಂಚು ಹೋಗುತ್ತೆ. ಕೊಂಬೆಗೆ ಸಿಕ್ಕಿಹಾಕ್ಕೊಂಡ್ರೆ ಇನ್ನೂ ಜಾಸ್ತಿ. ಸಾಯಂಕಾಲದ ಹೊತ್ತಿಗೆ ಲೀಡರ್ ಮೋಟಾಗಿ, ತುದಿ ದಪ್ಪಗಾಗಿ, ಚಿಕ್ಕ ಫ್ಲೈ ಕಣ್ಣೊಳಗೆ ದಾರ ತೂರೋದೇ ಇಲ್ಲ.

ತುದಿಗೆ ಟಿಪ್ಪೆಟ್, ಅಂದ್ರೆ ಫ್ಲೈ ಕಟ್ಟೋ ಸಪೂರ ದಾರ, ಸೇರಿಸು ಅಂತಾರೆ, ಸರಿ. ಆದ್ರೆ ಸರ್ಜನ್ಸ್ ಗಂಟು ಹಾಕಿ ಸೇರಿಸಿದ್ರೂ ಪ್ರತಿ ಸಲ ಲೀಡರ್‌ನಿಂದ ಒಂದಿಷ್ಟು ತಿನ್ನುತ್ತಲ್ಲ? ಈಗ ಸಾಸಿವೆ ಕಾಳಿನಷ್ಟು ಚಿಕ್ಕ ಸ್ಟೀಲ್ ಉಂಗುರಗಳ, ಅಂದ್ರೆ ಟಿಪ್ಪೆಟ್ ರಿಂಗ್‌ಗಳ, ಒಂದು ಪ್ಯಾಕೆಟ್ ತಂದಿಟ್ಕೊಂಡಿದ್ದೀನಿ. ಇದನ್ನ ಲೀಡರ್‌ನ ಎಲ್ಲಿ ಕಟ್ಟಬೇಕು? ನೀರಿನ ಮೇಲೆ ತೇಲಬೇಕಾದ ಡ್ರೈ ಫ್ಲೈನ ಮುಳುಗಿಸಿಬಿಡುತ್ತಾ? ಮೀನು ಎಳೆದಾಗ ತಡ್ಕೊಳುತ್ತಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ನಿಂಫ್‌ಪ್ರಿಯ

ಕಣ್ಣು ಮುಚ್ಕೊಂಡು ಹಾಕಿ. ಟ್ರೌಟ್‌ಗೆ 2 ಮಿ.ಮೀ. ರಿಂಗ್ ಸಾಕು. 1.5 ಕೂಡ ಸಿಗುತ್ತೆ, ಆದ್ರೆ ಅದನ್ನ ಬೆರಳಲ್ಲಿ ಹಿಡಿಯೋದೇ ಒಂದು ತಪಸ್ಸು. 3 ಮಿ.ಮೀ. ದೊಡ್ಡ ಸ್ಟ್ರೀಮರ್ (ಚಿಕ್ಕ ಮೀನಿನ ತರಹದ ಫ್ಲೈ), ದೊಡ್ಡ ಮೀನಿಗೆ.

ಗಟ್ಟಿತನದ ಬಗ್ಗೆ ತಲೆ ಕೆಡಿಸ್ಕೊಬೇಡಿ. 2 ಮಿ.ಮೀ. ರಿಂಗ್‌ಗೆ ಸಾಮಾನ್ಯವಾಗಿ 20 ಪೌಂಡ್‌ಗಿಂತ ಮೇಲೇ ಬರೆದಿರ್ತಾರೆ. ನಿಮ್ಮ 5ಎಕ್ಸ್ ನೈಲಾನ್ ನಾಲ್ಕೈದು ಪೌಂಡ್‌ಗೆ ಕಿತ್ತುಹೋಗುತ್ತೆ. ಹಾಗಾಗಿ ಹೋದ್ರೆ ದಾರ ಹೋಗುತ್ತೆ, ಇಲ್ಲಾ ಗಂಟು ಹೋಗುತ್ತೆ, ರಿಂಗ್ ಹೋಗಲ್ಲ.

ಕಟ್ಟೋ ಕ್ರಮ: ಲೀಡರ್ ತುದಿಯನ್ನ ರಿಂಗ್‌ಗೆ ಇಂಪ್ರೂವ್ಡ್ ಕ್ಲಿಂಚ್ ಗಂಟಲ್ಲಿ ಕಟ್ಟಿ. ಟಿಪ್ಪೆಟ್ಟನ್ನೂ ಅದೇ ಗಂಟಲ್ಲಿ ಇನ್ನೊಂದು ಕಡೆಯಿಂದ ಕಟ್ಟಿ. ಫ್ಲೈ ಕಟ್ಟೋಕೆ ಬರೋ ಗಂಟೇ ಸಾಕು, ಹೊಸದು ಕಲಿಯೋದು ಏನೂ ಇಲ್ಲ. ಬಿಗಿ ಮಾಡೋಕೆ ಮುಂಚೆ ಉಗುಳು ಹಚ್ಚಿ, ನಿಧಾನವಾಗಿ ಎಳೀರಿ. ಎರಡು ಗಂಟೂ ಅಕ್ಕಪಕ್ಕ ಕೂತಿದ್ರೂ ಯೋಚನೆ ಬೇಡ, ಎಳೆದ ಕೂಡ್ಲೇ ತಾವಾಗಿಯೇ ಎದುರುಬದುರು ಸರಿಯುತ್ತೆ.

ಮುಖ್ಯವಾದ್ದು ಒಂದಿದೆ. ರಿಂಗ್‌ಗಳು ಒಂದು ಚಿಕ್ಕ ಕೊಂಡಿಗೆ ಪೋಣಿಸಿ ಬರುತ್ವೆ. ಕೊಂಡಿಯಿಂದ ಬಿಚ್ಚಿ ಕೈಗೆ ತಗೋಬೇಡಿ. ರಿಂಗ್ ಕೊಂಡಿಯಲ್ಲೇ ಇರುವಾಗ ಲೀಡರ್ ಕಟ್ಟಿ ಬಿಗಿ ಮಾಡಿ, ಆಮೇಲೆ ಕೊಂಡಿ ತೆರೆದು ಅದೊಂದನ್ನೇ ಈಚೆ ತನ್ನಿ. ಹುಲ್ಲಲ್ಲಿ ಬಿದ್ದ ರಿಂಗ್ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ.

ಹಳೇಗಂಟು

ಮೇಲಿನವರ ಉತ್ಸಾಹಕ್ಕೆ ಸ್ವಲ್ಪ ನೀರು ಹಾಕುತ್ತೇನೆ, ಬೇಸರಿಸಬಾರದು.

ಎರಡು ದಾರ ನೇರ ಸೇರಿಸುವ ಒಂದು ಬ್ಲಡ್ ಗಂಟು ಇದ್ದ ಕಡೆ ರಿಂಗ್ ಹಾಕಿದರೆ ಎರಡು ಗಂಟು ಮತ್ತು ಒಂದು ಲೋಹದ ತುಂಡು ಬರುತ್ತದೆ. ಕೈಕೊಡುವ ಜಾಗ ಒಂದಿದ್ದದ್ದು ಎರಡಾಯಿತು. ನೈಲಾನ್ ಬಂದದ್ದೇ 1938ರಲ್ಲಿ. ಅದಕ್ಕೂ ಮುಂಚೆ ರೇಷ್ಮೆಹುಳದಿಂದ ತೆಗೆದ ಗಟ್ ಎಳೆಯಲ್ಲಿ ಲೀಡರ್ ಮಾಡುತ್ತಿದ್ದರು. ಆ ಎಳೆ ಸಿಗುತ್ತಿದ್ದದ್ದೇ ಗಿಡ್ಡ ತುಂಡುಗಳಲ್ಲಿ. ನೀರಲ್ಲಿ ನೆನೆಸಿ, ಮೆದು ಮಾಡಿ, ತುಂಡಿಗೆ ತುಂಡು ಗಂಟು ಹಾಕಿ ಉದ್ದ ಮಾಡಬೇಕಿತ್ತು. ಅವರೆಲ್ಲ ಮೀನು ಹಿಡಿಯಲಿಲ್ಲವೇ?

ಅದು ಬಿಡಿ, ನನ್ನ ನಿಜವಾದ ತಕರಾರು ಬೇರೆ. ಫ್ಲೈ ಎಸೆದಾಗ ಲೈನಿನ ವೇಗ ಲೀಡರ್‌ನ ಬುಡದಿಂದ ತುದಿಗೆ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಬೇಕು. ಲೀಡರ್ ಕ್ರಮವಾಗಿ ಸಪೂರವಾಗುತ್ತ ಹೋಗುವುದು ಅದಕ್ಕೇ. ನಡುವೆ ರಿಂಗ್ ಬಂದರೆ ಅಲ್ಲಿ ದಾರ ಕೀಲಿನ ಹಾಗೆ ಮಡಚುತ್ತದೆ. ಲೀಡರ್ ನೇರ ಬೀಳುತ್ತದೆ, ಟಿಪ್ಪೆಟ್ ಅದರ ಮೇಲೇ ಗುಪ್ಪೆಯಾಗಿ ಕುಸಿಯುತ್ತದೆ. ನೀರೊಳಗೆ ಮುಳುಗುವ ನಿಂಫ್ ಫ್ಲೈ ಆಡಿಸುವವರಿಗೆ ಇದು ಕಾಣುವುದಿಲ್ಲ, ಭಾರದ ಫ್ಲೈ ತಾನೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಡ್ರೈ ಫ್ಲೈಯವರನ್ನು ಕೇಳಿ.

ನಿಂಫ್‌ಪ್ರಿಯ

> ಕೈಕೊಡುವ ಜಾಗ ಒಂದಿದ್ದದ್ದು ಎರಡಾಯಿತು

ಲೆಕ್ಕಕ್ಕೆ ಸರಿ. ಆದ್ರೆ ಮುಸ್ಸಂಜೆಯಲ್ಲಿ, ಬೆರಳು ಮರಗಟ್ಟಿರುವಾಗ, ಅರೆಬರೆ ಕಟ್ಟಿದ ಒಂದು ಬ್ಲಡ್ ಗಂಟಿಗಿಂತ ನೆಟ್ಟಗೆ ಕಟ್ಟಿದ ಎರಡು ಕ್ಲಿಂಚ್ ಗಂಟು ವಾಸಿ. ಲೀಡರ್ ಕಡೆಯ ಗಂಟನ್ನಂತೂ ಬೆಳಕಿರುವಾಗ, ಮೇಜಿನ ಮುಂದೆ ಕೂತು ಒಂದೇ ಸಲ ಕಟ್ಟಿರ್ತೀವಿ. ಹೊಳೆಯಲ್ಲಿ ನಿಂತು ಕಟ್ಟೋದು ಕೆಳಗಿನದು ಮಾತ್ರ.

ಕೀಲಿನ ವಿಷಯ ಒಪ್ತೀನಿ, ಅರ್ಧ. ಅದು ರಿಂಗ್ ಮಾಡೋ ತೊಂದರೆಯೋ, ದಾರ ಮಾಡೋ ತೊಂದರೆಯೋ?

ಅಳತೆಗೋಲು

ಆ ಕೊನೆಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ಸ್ವಲ್ಪ ಉದ್ದವಾಗುತ್ತೆ, ಸಹಿಸ್ಕೊಳ್ಳಿ.

ಮೊದಲು ಎಕ್ಸ್ ಅಳತೆ. 11ರಿಂದ ಎಕ್ಸ್ ಸಂಖ್ಯೆ ಕಳೆದ್ರೆ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ ಸಿಗುತ್ತೆ. 5ಎಕ್ಸ್ ಅಂದ್ರೆ 6, ಅಂದರೆ 0.006 ಇಂಚು, ಸುಮಾರು 0.15 ಮಿ.ಮೀ. 3ಎಕ್ಸ್ 0.008 ಇಂಚು, ಸುಮಾರು 0.20 ಮಿ.ಮೀ. 0ಎಕ್ಸ್ 0.011, ಸುಮಾರು 0.28 ಮಿ.ಮೀ.

ಒಂದೇ ವಸ್ತುವಿನ ದಾರದ ಬಿಗುವು, ಅಂದ್ರೆ ಬಾಗೋಕೆ ಅದು ಒಡ್ಡೋ ವಿರೋಧ, ದಪ್ಪದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ ಏರುತ್ತೆ. ದಪ್ಪ ಎರಡು ಪಟ್ಟಾದ್ರೆ ಬಿಗುವು 16 ಪಟ್ಟು. ಹಾಗಾಗಿ 3ಎಕ್ಸ್ ತುದಿಗೆ 5ಎಕ್ಸ್ ಟಿಪ್ಪೆಟ್ ಕಟ್ಟಿದ್ರೆ ಅಲ್ಲಿ ಬಿಗುವು ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. 0ಎಕ್ಸ್‌ಗೆ 5ಎಕ್ಸ್ ಕಟ್ಟಿದ್ರೆ ಹನ್ನೊಂದು ಹನ್ನೆರಡರಲ್ಲಿ ಒಂದು ಭಾಗಕ್ಕೆ! ಕೀಲು ಹುಟ್ಟೋದು ಇಲ್ಲಿ. ಅಲ್ಲಿ ರಿಂಗ್ ತೆಗೆದು ಯಾವ ಗಂಟು ಹಾಕಿದ್ರೂ ಟಿಪ್ಪೆಟ್ ಕುಸಿಯುತ್ತೆ.

ಹಾಗಾದ್ರೆ ರಿಂಗ್ ಮೇಲೆ ಆರೋಪ ಯಾಕೆ ಬಂತು? ಬ್ಲಡ್ ಗಂಟಿನಲ್ಲಿ ತುಂಬಾ ಬೇರೆ ಬೇರೆ ದಪ್ಪದ ದಾರ ಸೇರಿಸೋಕೆ ಹೋದ್ರೆ ಗಂಟೇ ಸರಿಯಾಗಿ ಕೂರಲ್ಲ, ಎರಡು ಎಕ್ಸ್ ವ್ಯತ್ಯಾಸದಾಚೆಗೆ ಜಾರೋಕೆ ಶುರು. ಅಂದ್ರೆ ಗಂಟೇ ನಮ್ಮನ್ನ ತಡೀತಿತ್ತು. ರಿಂಗ್‌ಗೆ ಆ ತಡೆ ಇಲ್ಲ. 0ಎಕ್ಸ್‌ಗೆ 6ಎಕ್ಸ್ ಕಟ್ಟಿದ್ರೂ ಗಟ್ಟಿಯಾಗೇ ಇರುತ್ತೆ, ಎಸೆದಾಗ ಮಾತ್ರ ಹಾಳು.

ಇನ್ನು ತೂಕ. 2 ಮಿ.ಮೀ. ಹೊರ ಅಗಲ, 0.4 ಮಿ.ಮೀ. ತಂತಿ ಅಂತ ಇಟ್ಕೊಂಡ್ರೆ ಸ್ಟೀಲ್ ರಿಂಗ್ ಸುಮಾರು 5 ಮಿಲಿಗ್ರಾಂ. ಅಷ್ಟೇ ತೂಕ ಬರಬೇಕಾದ್ರೆ 5ಎಕ್ಸ್ ನೈಲಾನ್ 24 ಸೆಂ.ಮೀ. ಬೇಕು. 3 ಮಿ.ಮೀ. ಟಂಗ್‌ಸ್ಟನ್ ಮಣಿಯ ಒಂದು ನಿಂಫ್ ಎದುರು ಇದು ಲೆಕ್ಕಕ್ಕೇ ಇಲ್ಲ. ಆದ್ರೆ ಸಪೂರ ಟಿಪ್ಪೆಟ್, ಚಿಕ್ಕ ಡ್ರೈ ಫ್ಲೈ ಇರುವಾಗ ಗಾಳಿಯಲ್ಲಿ ಸುರುಳಿ ಬಿಚ್ಚೋ ಕೊನೇ ಕ್ಷಣದಲ್ಲಿ 5 ಮಿಲಿಗ್ರಾಂ ಅಂದ್ರೆ ಶೂನ್ಯ ಅಂತ ನಾನು ಹೇಳಲ್ಲ. ಹಳೇಗಂಟು ಅವರ ಮಾತಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ.

ಹಳೇಗಂಟು

ಅಷ್ಟು ಸಾಕು ನನಗೆ.

ಹೊಸಗಾಳ

ಅಳತೆಗೋಲು ಸರ್, ನಾಲ್ಕನೇ ಘಾತ ನೋಡಿ ತಲೆ ತಿರುಗಿದ್ರೂ ವಿಷಯ ಹೊಕ್ಕಿತು. ಆದ್ರೆ ನನ್ನ ಹತ್ರ ಮೈಕ್ರೋಮೀಟರ್ ಇಲ್ಲ. ಈಗ ಕೈಯಲ್ಲಿರೋ 9 ಅಡಿ 5ಎಕ್ಸ್ ಲೀಡರ್‌ನ ಎಲ್ಲಿ ಕತ್ತರಿಸಲಿ? ಹೊಸ ಲೀಡರ್‌ನ ತುದಿಗೇ ಕಟ್ಟಿಬಿಟ್ರೆ ಆಗಲ್ವಾ?

ಅಳತೆಗೋಲು

ಹೊಸ 5ಎಕ್ಸ್ ಲೀಡರ್‌ನ ತುದಿಗೇ ರಿಂಗ್ ಕಟ್ಟಿ ಅದರ ಕೆಳಗೆ 5ಎಕ್ಸ್ ಟಿಪ್ಪೆಟ್ ಸೇರಿಸಿದ್ರೆ ಏನಾಗುತ್ತೆ ನೋಡಿ. ಕೊಂಡು ತಂದ ಲೀಡರ್‌ನ ಕೊನೆಯ ಒಂದೂವರೆ ಎರಡು ಅಡಿ ಮೊದಲೇ ಒಂದೇ ದಪ್ಪದ ಟಿಪ್ಪೆಟ್. ಅದಕ್ಕೆ ಇನ್ನೆರಡು ಮೂರು ಅಡಿ ಸೇರಿಸಿದ್ರೆ ನಾಲ್ಕೈದು ಅಡಿ ಸಪೂರ ದಾರ, ನಡುವೆ ಲೋಹದ ಉಂಗುರ. ಗಾಳಿ ಬಂತೋ ಮುಗೀತು. ಅದೂ ಅಲ್ಲದೆ ರಿಂಗ್‌ನ ಮೇಲಿನ ದಾರ, ಕೆಳಗಿನ ದಾರ ಎರಡೂ ಒಂದೇ ಬಲದವು. ಕೊಂಬೆಗೆ ಸಿಕ್ಕಿ ಎಳೆದಾಗ ರಿಂಗ್ ಸಮೇತ ಹೋಗೋ ಸಾಧ್ಯತೆ ಅರ್ಧಕ್ಕರ್ಧ.

ಆ ಒಂದೇ ದಪ್ಪದ ತುದಿಯನ್ನ ಪೂರ್ತಿ ಬಳಸಿ ಮುಗಿಸಿ. ಆಮೇಲೆ ಟೇಪರ್ ಶುರುವಾಗೋ ಜಾಗದಿಂದ ಸ್ವಲ್ಪ ಮೇಲಕ್ಕೆ ಹೋಗಿ, 3ಎಕ್ಸ್ ದಪ್ಪ ಸಿಗೋ ಕಡೆ ರಿಂಗ್ ಕಟ್ಟಿ. ಮೈಕ್ರೋಮೀಟರ್ ಯಾಕೆ? ಒಂದು 3ಎಕ್ಸ್ ಟಿಪ್ಪೆಟ್ ಸುರುಳಿ ಇದ್ರೆ ಅದರ ತುದಿಯನ್ನೂ ಲೀಡರ್‌ನನ್ನೂ ಜೊತೆಗಿಟ್ಟು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿ. ಬೆರಳಿಗೆ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ. ಎರಡನ್ನೂ ಒಟ್ಟಿಗೆ ಕುಣಿಕೆ ಮಾಡಿ ಬಾಗಿಸಿದ್ರೆ ಇನ್ನೂ ಸ್ಪಷ್ಟ.

ನಿಂಫ್‌ಪ್ರಿಯ

ಇಷ್ಟೆಲ್ಲ ಹುಡುಕಾಟವೇ ಬೇಡ ಅಂದ್ರೆ: 7.5 ಅಡಿಯ 3ಎಕ್ಸ್ ಲೀಡರ್ ತಗೊಳ್ಳಿ. ತುದಿಗೇ ರಿಂಗ್. ಕೆಳಗೆ ಎರಡೂವರೆ ಮೂರು ಅಡಿ 5ಎಕ್ಸ್. ಒಟ್ಟು 10 ಅಡಿ ಹತ್ತಿರ ಬರುತ್ತೆ. ಒಂದೇ ಒಂದು ಇಂಚು ಕತ್ತರಿಸಬೇಕಾಗಿಲ್ಲ. ಲೀಡರ್ ಬುಡ ಸವೆದು ಬಿರುಕು ಬಿಡೋವರೆಗೆ ಋತುವಿಡೀ ಅದೊಂದೇ ಓಡುತ್ತೆ.

ಮೂರುಫ್ಲೈ

ನೀವೆಲ್ಲ ರಿಂಗನ್ನು ಲೀಡರ್ ಉಳಿಸೋಕೆ ಮಾತ್ರ ಇರೋದು ಅಂತ ಮಾಡ್ಕೊಂಡಿದ್ದೀರಿ ಮಾರಾಯ್ರೆ. ನೀರೊಳಗೆ ಸಾಗುವ ವೆಟ್ ಫ್ಲೈ ಆಡಿಸುವವರಿಗೆ ಇದರ ದೊಡ್ಡ ಉಪಯೋಗ ಡ್ರಾಪರ್, ಅಂದರೆ ಇನ್ನೊಂದು ಫ್ಲೈಗೆ ಪಕ್ಕಕ್ಕೆ ಬಿಡುವ ಗಿಡ್ಡ ದಾರ, ಕಟ್ಟುವುದರಲ್ಲಿ ಉಂಟು.

ಸರ್ಜನ್ಸ್ ಗಂಟಿನ ಉಳಿದ ಬಾಲಕ್ಕೆ ಎರಡನೇ ಫ್ಲೈ ಕಟ್ಟುತ್ತೇವಲ್ಲ, ಆ ಬಾಲ ನಾಲ್ಕು ಸಲ ಫ್ಲೈ ಬದಲಾಯಿಸುವಷ್ಟರಲ್ಲಿ ಮುಗಿದು ಹೋಗುತ್ತದೆ. ಮತ್ತೆ ಇಡೀ ಗಂಟು ಕತ್ತರಿಸಿ ಹೊಸದು ಕಟ್ಟಬೇಕು, ಕೆಳಗಿನ ಫ್ಲೈಯ ಅಂತರವೂ ಕೆಟ್ಟಿತು. ರಿಂಗ್ ಇದ್ದರೆ ಮೂರನೇ ಗಂಟಾಗಿ ಒಂದು ಗೇಣು ಉದ್ದದ ಡ್ರಾಪರ್ ಕಟ್ಟಿ. ಗಿಡ್ಡ ಆಯಿತಾ, ಅದೊಂದನ್ನೇ ಕಿತ್ತು ಹೊಸದು ಹಾಕಿ. ಉಳಿದದ್ದು ಇದ್ದ ಹಾಗೇ ಇರುತ್ತದೆ.

ಒಂದು ಮಾತು. ರಿಂಗ್‌ಗೆ ಕಟ್ಟಿದ ಡ್ರಾಪರ್ ಗಂಟಿನ ಬಾಲದ ಹಾಗೆ ಪಕ್ಕಕ್ಕೆ ಸೆಟೆದು ನಿಲ್ಲುವುದಿಲ್ಲ. ಜೋತು ಬೀಳುತ್ತದೆ, ಟಿಪ್ಪೆಟ್‌ಗೆ ಸುತ್ತಿಕೊಳ್ಳಲು ನೋಡುತ್ತದೆ. ಅದಕ್ಕೆ ಡ್ರಾಪರ್‌ಗೆ ಒಂದು ಅಳತೆ ದಪ್ಪದ, ಬಿಗುವಾದ ದಾರ ಹಾಕಬೇಕು. ಟಿಪ್ಪೆಟ್ 5ಎಕ್ಸ್ ಇದ್ದರೆ ಡ್ರಾಪರ್ 4ಎಕ್ಸ್. ಉದ್ದದ ಆಸೆಗೆ ಬೀಳಬೇಡಿ.

ಒಂಟಿಕಡ್ಡಿ

ನಾನು ಆಡೋದು ತೆಂಕಾರಾ, ರೀಲ್ ಇಲ್ಲ, ಲೈನ್ ಕಡ್ಡಿಯ ತುದಿಗೇ ಕಟ್ಟಿರುತ್ತೆ. ಇಲ್ಲಿ ಎಷ್ಟೋ ಹೊಸೆದ ಲೈನುಗಳ ತುದಿಯಲ್ಲಿ ರಿಂಗ್ ಕೂರಿಸಿಯೇ ಕೊಡ್ತಾರೆ, ಹೊಸೆದ ದಾರಕ್ಕೆ ನೇರ ಟಿಪ್ಪೆಟ್ ಗಂಟು ಹಾಕಿದ್ರೆ ಬಿಚ್ಚೋಕಾಗಲ್ಲ.

ಅಳತೆಗೋಲು ಅವರು ಹೇಳಿದ ಬಲದ ಮಾತು ನಮಗೆ ಇನ್ನೂ ಮುಖ್ಯ. ದೊಡ್ಡ ಮೀನು ಓಡಿದ್ರೆ ಬಿಡೋಕೆ ನಮ್ಮಲ್ಲಿ ಲೈನೇ ಇಲ್ಲ. ಟಿಪ್ಪೆಟ್ ಮೊದಲು ಕಿತ್ತುಹೋಗಬೇಕು, ಇಲ್ಲದಿದ್ರೆ ಕಡ್ಡಿ ಮುರಿಯುತ್ತೆ. ಹಾಗಾಗಿ ಸಾಮಾನ್ಯವಾಗಿ 5ಎಕ್ಸ್‌ಗಿಂತ ದಪ್ಪಕ್ಕೆ ಹೋಗಲ್ಲ. ರಿಂಗ್ ಗಟ್ಟಿ ಇದೆ ಅಂತ ಅದರ ಕೆಳಗೆ ದಪ್ಪ ದಾರ ಕಟ್ಟುವವರನ್ನ ನೋಡಿದ್ರೆ ಭಯ ಆಗುತ್ತೆ.

ಹೊಸಗಾಳ

ಇನ್ನೊಂದು ಸಣ್ಣ ಪ್ರಶ್ನೆ. ಲೂರ್‌ಗಳಲ್ಲಿ ಇರುತ್ತಲ್ಲ, ಕೀಚೈನ್ ತರಹದ ಸ್ಪ್ಲಿಟ್ ರಿಂಗ್, ಅದರಲ್ಲೇ ಚಿಕ್ಕದು ಹಾಕ್ಬಹುದಾ? ಗಂಟು ಹಾಕೋದೇ ಬೇಡ, ತೂರಿಸಿದ್ರೆ ಆಯ್ತು ಅನ್ನಿಸ್ತು.

ನಿಂಫ್‌ಪ್ರಿಯ

ಬೇಡವೇ ಬೇಡ. ಸ್ಪ್ಲಿಟ್ ರಿಂಗ್‌ನಲ್ಲಿ ತಂತಿಯ ಎರಡು ಸುತ್ತಿನ ನಡುವೆ ಸಂದು ಇರುತ್ತೆ, ತಂತಿಯ ತುದಿ ಚೂಪು. ಸಪೂರ ದಾರ ಸಂದಿಗೆ ಜಾರಿ ಆ ಚೂಪಿಗೆ ಕುಯ್ದುಕೊಳ್ಳುತ್ತೆ. ಟಿಪ್ಪೆಟ್ ರಿಂಗ್ ಅಂದ್ರೆ ಕೂಡುಜಾಗವೇ ಇಲ್ಲದ ಅಖಂಡ ಉಂಗುರ ಆಗಿರಬೇಕು.

ಅಳತೆಗೋಲು

ಅಖಂಡ ಅಂತ ಮಾರೋದರಲ್ಲೂ ಒಂದೊಂದರಲ್ಲಿ ಒಳಗಡೆ ಸಣ್ಣ ಮುಳ್ಳು ಉಳಿದಿರುತ್ತೆ. ಕಟ್ಟೋಕೆ ಮುಂಚೆ ರಿಂಗ್ ಮೇಲೆ ಹತ್ತಿ ಉಜ್ಜಿ ನೋಡಿ. ಎಳೆ ಸಿಕ್ಕಿಹಾಕ್ಕೊಂಡ್ರೆ ಅದನ್ನ ಬಿಸಾಡಿ.

ಉದ್ದಲೀಡರ್

ಯೂರೋ ನಿಂಫಿಂಗ್ (ಭಾರದ ನಿಂಫನ್ನ ಬಿಗಿ ದಾರದಲ್ಲಿ ಆಡಿಸೋದು) ಕಡೆಯಿಂದ ಒಂದು ಎಚ್ಚರಿಕೆ. ನಮ್ಮಲ್ಲಿ ಮೀನು ಕಚ್ಚಿದ್ದು ಕಣ್ಣಿಗೆ ಕಾಣಿಸೋ ಬಣ್ಣದ ಸೈಟರ್ ದಾರದ ತುದಿಗೆ ರಿಂಗ್, ಅಲ್ಲಿಂದ ಕೆಳಗೆ ಟಿಪ್ಪೆಟ್. ಇದರಲ್ಲಿ ಟೇಪರ್ ಗೀಪರ್ ಲೆಕ್ಕ ಬರಲ್ಲ, ಎಸೆಯೋದು ಫ್ಲೈಯ ಭಾರದಿಂದಲೇ. ಹಾಗಾಗಿ ಹಳೇಗಂಟು ಅವರ ಕೀಲು ನಮಗೆ ಅಡ್ಡಿಯಲ್ಲ.

ಅಡ್ಡಿ ಬರೋದು ಬೇರೆ ಕಡೆ. ಲೀಡರ್ ಕಡ್ಡಿಗಿಂತ ಉದ್ದ ಇದ್ರೆ, ಮೀನನ್ನ ಹತ್ತಿರ ಎಳೆದುಕೊಳ್ಳುವಾಗ ರಿಂಗ್ ಕಡ್ಡಿಯ ತುದಿಬಳೆಯೊಳಕ್ಕೆ ಬರಬಹುದು. ಕಟಕಟ ಅಂತ ಸದ್ದು ಬಂದು ಒಳಗೆ ಹೋಗೋದು ಸುಲಭ, ಮೀನು ಮತ್ತೆ ಓಡಿದಾಗ ಹೊರಗೆ ಬರೋದೇ ಕಷ್ಟ. ಒಂದು ಕ್ಷಣ ಸಿಕ್ಕಿಕೊಂಡ್ರೂ 6ಎಕ್ಸ್ ಟಿಪ್ಪೆಟ್ ಪಟ್ ಅನ್ನುತ್ತೆ. ಸಿಕ್ಕಿಕೊಳ್ಳೋದು ಹೆಚ್ಚಿನ ಸಲ ರಿಂಗ್ ಅಲ್ಲ, ಕತ್ತರಿಸದೆ ಬಿಟ್ಟ ಗಂಟಿನ ಬಾಲ. ಬಾಲವನ್ನ ಗಂಟಿಗೆ ಒತ್ತಿ ಕತ್ತರಿಸಿ. ರಿಂಗ್‌ನಿಂದ ಫ್ಲೈಯವರೆಗಿನ ಉದ್ದವನ್ನ ಕಡ್ಡಿಯ ಉದ್ದಕ್ಕಿಂತ ಸಾಕಷ್ಟು ಕಡಿಮೆ ಇಟ್ಕೊಂಡ್ರೆ ಮೀನು ಬಲೆಗೆ ಬರುವಾಗಲೂ ರಿಂಗ್ ಹೊರಗೇ ಇರುತ್ತೆ.

ಫ್ಲೂರೋಕಾರ್ಬನ್ ಬಳಸುವವರಿಗೂ ಒಂದು ಮಾತು. ನೈಲಾನ್ ಲೀಡರ್‌ಗೆ ಫ್ಲೂರೋಕಾರ್ಬನ್ ಟಿಪ್ಪೆಟ್ ನೇರ ಗಂಟು ಹಾಕಿದ್ರೆ ಒಂದು ಗಟ್ಟಿ, ಒಂದು ಮೆದು, ಬಿಗಿಯಾಗುವಾಗ ಒಂದು ಇನ್ನೊಂದನ್ನ ಕಚ್ಚುತ್ತೆ. ರಿಂಗ್ ಇದ್ರೆ ಎರಡೂ ಒಂದನ್ನೊಂದು ಮುಟ್ಟೋದೇ ಇಲ್ಲ. ನನ್ನ ಮಟ್ಟಿಗೆ ರಿಂಗ್‌ನ ಅತಿ ದೊಡ್ಡ ಲಾಭ ಇದೇ.

ಮೂರುಫ್ಲೈ

ಮೀನು ರಿಂಗ್‌ನ ಹೊಳಪಿಗೆ ಹೆದರುತ್ತದಾ ಅಂತ ಯಾರೂ ಕೇಳಲಿಲ್ಲವಲ್ಲ! ಕಪ್ಪು ಲೇಪದ್ದು ಸಿಗುತ್ತದೆ, ತಿಳಿನೀರಿಗೆ ಅದು ಒಳ್ಳೆಯದು. ಫ್ಲೈಗೂ ರಿಂಗ್‌ಗೂ ಎರಡಡಿ ಮೂರಡಿ ಅಂತರ ಇದ್ದರೆ ಹೊಳಪಿನಿಂದ ನಷ್ಟ ಆದದ್ದು ನಾನು ಕಂಡಿಲ್ಲ. ಪಾಚಿ ಇರುವ ನೀರಲ್ಲಿ ಮಾತ್ರ ರಿಂಗ್‌ಗೆ ಪಾಚಿ ಎಳೆ ಅಂಟಿಕೊಳ್ಳುತ್ತದೆ, ಆಗಾಗ ಒರೆಸಬೇಕು. ಅದು ಗಂಟಿಗೂ ಅಂಟುತ್ತದೆ, ಬಿಡಿ.

ಹಳೇಗಂಟು

ಡ್ರೈ ಫ್ಲೈ ಮುಳುಗುತ್ತದೆಯೇ ಎಂಬ ಮೊದಲ ಪ್ರಶ್ನೆ ಉಳಿದೇಹೋಯಿತು.

ಅಳತೆಗೋಲು

ಹೌದಲ್ಲ. ಇಷ್ಟು ಹಗುರದ ಉಂಗುರವನ್ನ ನೀರಿನ ಮೇಲ್ಮೈಯ ಬಿಗಿತವೇ ಹೊತ್ಕೊಳ್ಳುತ್ತೆ, ಒಣಗಿದ್ದು ಮೆತ್ತಗೆ ಇಳಿದ್ರೆ. ಲೋಟದ ನೀರಲ್ಲಿ ಎಣ್ಣೆ ಸವರಿದ ರಿಂಗನ್ನ ಅಡ್ಡಡ್ಡ ಮೆಲ್ಲಗೆ ಬಿಟ್ಟು ನೋಡಿ, ತೇಲುತ್ತೆ. ಹೊಳೆಯಲ್ಲಿ ಸೆಳವಿಗೆ ಸಿಕ್ಕಿ ಒಮ್ಮೆ ಒದ್ದೆಯಾಯ್ತೋ ಮುಳುಗುತ್ತೆ. ಮುಳುಗಿದ್ರೂ ಫ್ಲೈಯನ್ನ ಕೆಳಗೆಳೆಯೋಷ್ಟು ಭಾರ ಇಲ್ಲ, ನಡುವೆ ಮೂರಡಿ ಟಿಪ್ಪೆಟ್ ಇದೆಯಲ್ಲ. ಫ್ಲೈಗೆ ಹಚ್ಚೋ ಫ್ಲೋಟಂಟ್ ಒಂದು ಚೂರು ರಿಂಗ್‌ಗೂ ಅದರ ಮೇಲಿನ ಲೀಡರ್‌ಗೂ ಸವರಿದ್ರೆ ಆ ತಾಪತ್ರಯವೂ ಇಲ್ಲ.

ಹಳೇಗಂಟು

ಒಪ್ಪಿದೆ. ನಿಂಫ್‌ಗೆ, ವೆಟ್ ಫ್ಲೈಗೆ ರಿಂಗ್ ಇರಲಿ, ನನ್ನದೇನೂ ಆಕ್ಷೇಪವಿಲ್ಲ. ಸೆಳವಿರುವ ಒರಟು ನೀರಲ್ಲಿ ಡ್ರೈ ಫ್ಲೈಗೂ ನಡೆದೀತು. ಆದರೆ ಗಾಳಿಯಿಲ್ಲದ ದಿನ, ಕನ್ನಡಿಯಂಥ ಮಡುವಿನಲ್ಲಿ, ಒಂದೇ ಮೀನಿಗಾಗಿ 12 ಅಡಿ ಲೀಡರ್ ಬಿಚ್ಚುವಾಗ ನಾನು 3ಎಕ್ಸ್, 4ಎಕ್ಸ್, 5ಎಕ್ಸ್ ಅಂತ ಬ್ಲಡ್ ಗಂಟು ಹಾಕಿಕೊಂಡೇ ಇಳಿಯುವುದು. ಬಿಗುವು ಒಂದೇ ಏಟಿಗೆ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಅಳತೆಗೋಲು ಅವರ ಲೆಕ್ಕವೂ ಇದನ್ನೇ ಹೇಳುತ್ತದೆ.

ನಿಂಫ್‌ಪ್ರಿಯ

ಆ ಮೆಟ್ಟಿಲಲ್ಲಿ ಮೇಲಿನದಕ್ಕೆ ರಿಂಗ್ ಹಾಕಿ, ಕೆಳಗಿನದಕ್ಕೆ ಗಂಟು ಹಾಕಿದ್ರೆ? ರಿಂಗ್‌ನಿಂದ ಒಂದಡಿ 4ಎಕ್ಸ್, ಅದಕ್ಕೆ ಬ್ಲಡ್ ಗಂಟಲ್ಲಿ 5ಎಕ್ಸ್. ಲೀಡರ್ ಉಳಿಯಿತು, ಟಿಪ್ಪೆಟ್ ಕುಸಿಯೋದೂ ತಪ್ಪಿತು.

ಹಳೇಗಂಟು

ಹಾಕಿ ನೋಡಿ ಹೇಳಿ. ನಾನಂತೂ ಹಾಕುವುದಿಲ್ಲ 🙂

ಹೊಸಗಾಳ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 7.5 ಅಡಿ 3ಎಕ್ಸ್ ಲೀಡರ್, ತುದಿಗೆ 2 ಮಿ.ಮೀ. ಕಪ್ಪು ರಿಂಗ್, ಮೂರಡಿ 5ಎಕ್ಸ್, ಇದರಿಂದ ಶುರು ಮಾಡ್ತೀನಿ. ಕೊನೇದಾಗಿ ಒಂದೇ ಒಂದು: ಟಿಪ್ಪೆಟ್ ಎಷ್ಟು ಗಿಡ್ಡ ಆದಾಗ ಕಿತ್ತು ಹೊಸದು ಕಟ್ಟಬೇಕು?

ಅಳತೆಗೋಲು

ಒಂದೂವರೆ ಅಡಿಗಿಂತ ಕೆಳಗಿಳಿದಾಗ. ಹೊಸದು ಕಟ್ಟುವಾಗ ಹಳೇ ಗಂಟನ್ನ ರಿಂಗ್ ಹತ್ತಿರವೇ ಕತ್ತರಿಸಿ ಪೂರ್ತಿ ತೆಗೀರಿ, ಅದರ ಮೇಲೇ ಕಟ್ಟಬೇಡಿ. ಲೀಡರ್ ಕಡೆಯ ಗಂಟನ್ನೂ ಅದೇ ಹೊತ್ತಿಗೆ ಉಗುರಲ್ಲಿ ಸವರಿ ನೋಡಿ. ಒರಟಾಗಿದ್ರೆ ಆವತ್ತೇ ಬದಲಿಸಿ. ಕತ್ತರಿಸಿದ ದಾರದ ತುಂಡು ಜೇಬಿಗೆ ಹಾಕ್ಕೊಳ್ಳಿ, ಹೊಳೆಗೆ ಬಿಡಬೇಡಿ.

ಉದ್ದಲೀಡರ್

ಕತ್ತರಿಸುವಾಗ ಯಾವ ಬದಿಯ ಗಂಟು ಅಂತ ಎರಡು ಸಲ ನೋಡಿ ಕತ್ತರಿಸಿ. ಲೀಡರ್ ಕಡೆಯದನ್ನ ಕತ್ತರಿಸಿದ್ರೆ ರಿಂಗ್ ಹೊಳೆಗೆ.